ಫಿರಂಗಿಗೆ ಒಂದು ಹಿಡಿ ಕೊಸರು

ಫಿರಂಗಿಯಿಂದ ಗುಂಡು ಹಾರುವ ಗಳಿಗೆಯಲ್ಲಿ ಅದರ ನಳಿಗೆಯೊಳಗೆ ಅನಿಲದ ಒತ್ತಡ ಎಷ್ಟೇರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಉದ್ಯೋಗ. ಗಂಭೀರವಾದ ಕೆಲಸ. ಲೆಕ್ಕ ತಪ್ಪಿದರೆ ನಳಿಗೆ ಸೀಳುತ್ತದೆ, ಪಕ್ಕದಲ್ಲಿ ನಿಂತವರು ಉಳಿಯುವುದಿಲ್ಲ. ಆದರೂ ರಜೆಗೆ ನಮ್ಮೂರು ಮಾದಿಹಳ್ಳಿಗೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ನಗಿಸದೆ ಕಳಿಸುವುದಿಲ್ಲ.

ಕೋತಿ ಕಾಟ

ಪಕ್ಕದ ತೋಟದ ದೊಡ್ಡಪ್ಪ ಬಂದು ಜಗಲಿಯಲ್ಲಿ ಕೂತರು. "ಒಂದು ಎಳನೀರೂ ಉಳಿಸ್ತಿಲ್ಲ ಕಣವ್ವ ಕೋತಿಗಳು. ನಿನ್ನ ಫಿರಂಗೀಲಿ ಒಂದ್ಸಲ ಸದ್ದು ಮಾಡ್ಸು."

"ನನ್ನ ಹತ್ರ ಫಿರಂಗಿ ಎಲ್ಲಿದೆ ದೊಡ್ಡಪ್ಪ? ಎಲ್ಲಾ ಕಂಪ್ಯೂಟರಲ್ಲೇ ಹಾರೋದು."

"ಸದ್ದೂ ಬರಲ್ವಾ?"

"ಇಲ್ಲ. ಪರದೆ ಮೇಲೆ ಒಂದು ಗೆರೆ ಏರಿ ಇಳಿಯುತ್ತೆ, ಅಷ್ಟೆ."

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. "ಗೆರೆ ನೋಡಿ ಹೆದ್ರೋವಂಥ ಕೋತಿ ನಮ್ಮೂರಲ್ಲಿಲ್ಲ ಬಿಡವ್ವ."

ತಮ್ಮನ ಅನುಮಾನ

ನನ್ನ ತಮ್ಮ ಸೈನ್ಯದಲ್ಲಿ ಫಿರಂಗಿ ದಳದವನು. ನಾನು ಲೆಕ್ಕ ಹಾಕುವ ಫಿರಂಗಿಯ ಪಕ್ಕದಲ್ಲೇ ಅವನು ನಿಲ್ಲುವುದು. ಈ ಸಲ ಅವನೂ ಊರಿಗೆ ಬಂದಿದ್ದ. ತನ್ನ ರಜೆ ಮುಗಿಯುವ ಹಿಂದಿನ ದಿನ ಮುದ್ದೆ ಮುರಿಯುತ್ತಾ ಕೇಳಿದ, "ಅಕ್ಕ, ನಿನ್ನ ಲೆಕ್ಕ ಗಟ್ಟಿ ತಾನೆ?"

"ಯಾಕೋ?"

"ಏಳನೇ ಕ್ಲಾಸಲ್ಲಿ ನೀನು ಲೆಕ್ಕ ಹೇಳ್ಕೊಟ್ಟ ವರ್ಷವೇ ನಾನು ಫೇಲಾಗಿದ್ದು."

ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ನನಗೂ ಒಳಗೊಳಗೇ ಭಯವಾಯಿತು.

ಅಮ್ಮನ ಕೊಸರು

ಹಳೇಬೀಡಿನ ಸಂತೆಯಲ್ಲಿ ಅವರೆಕಾಯಿ ಕೊಂಡರೆ, ತೂಕವಾದ ಮೇಲೂ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಅಮ್ಮ ಕದಲುವವಳಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ತಮ್ಮನ ರೈಲು ಕಣ್ಮರೆಯಾದ ಮೇಲೆ ನನ್ನ ಕಡೆ ತಿರುಗಿದಳು.

"ಆ ಫಿರಂಗಿಗೆ ಕೊಸರು ಹಾಕಿದೀಯೇನೇ?"

"ಮದ್ದಿಗೆ ಕೊಸರು ಹಾಕಿದ್ರೆ ನಳಿಗೆ ಸೀಳುತ್ತಮ್ಮ. ನಳಿಗೆಯ ಉಕ್ಕಿಗೆ ಹಾಕ್ತೀವಿ. ಬೇಕಾದ್ದಕ್ಕಿಂತ ದಪ್ಪ ಇರುತ್ತೆ."

"ಇನ್ನೊಂದು ಹಿಡಿ ಹಾಕು. ಸರ್ಕಾರದ ಉಕ್ಕು ತಾನೆ, ನಿಮ್ಮಪ್ಪನ ಮನೆ ಗಂಟೇನು ಹೋಗ್ತದೆ?"

ಆಫೀಸಿಗೆ ಮರಳಿದವಳೇ, ಸರಿಯಾಗಿದ್ದ ಲೆಕ್ಕವನ್ನೇ ಮತ್ತೆ ಮೊದಲಿನಿಂದ ಹಾಕಲು ಕೂತೆ. ಯಾಕೆಂದು ಕೇಳಿದ ಸಾಹೇಬರಿಗೆ ಇದ್ದದ್ದು ಹೇಳಿದೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ನನ್ನ ಜೊತೆ ನೋಡಿದರು. ಕೊನೆಗೆ, "ಒಂದಲ್ಲ, ಎರಡು ಹಿಡಿ ಕೊಸರಿದೆ ಅಂತ ನಿಮ್ಮ ತಾಯಿಗೆ ಹೇಳಿ" ಎಂದರು.

ಫೋನಿನಲ್ಲಿ ಹಾಗೇ ಹೇಳಿದೆ. ಆ ಕಡೆ ಅಮ್ಮ ಮೂಗೊರೆಸಿಕೊಂಡಿದ್ದು ಕೇಳಿಸಿತು. ನನಗೂ ಕಣ್ಣು ತುಂಬಿತು. ಆಮೇಲೆ ಕೇಳಿದಳು, "ಹಿಡಿ ಯಾರದು? ನಿಂದೋ, ನಿಮ್ಮ ಸಾಹೇಬ್ರದೋ?"

"ಯಾಕಮ್ಮ?"

"ನಿನ್ನ ಕೈ ಸಣ್ಣದು ಕಣೇ. ಅವ್ರ ಕೈಲೇ ಹಾಕ್ಸು."