ನೀರಿನ ಸ್ಕೂಟರಿಗೆ ಮೈಲೇಜು ಕೊಡಿಸಿದ್ದು

ಈ ಭೂಮಿಯ ಮೇಲೆ ನನ್ನ ಮಾತು ಕೇಳುವ ವಸ್ತು ಒಂದೇ ಒಂದು, ಅದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬುರೇಟರ್. ಇದರಲ್ಲಿ ನನಗೆ ಮೊನ್ನೆಮೊನ್ನೆಯವರೆಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಸವಾಪಟ್ಟಣದಲ್ಲಿ ಮನೆಯ ಮುಂಭಾಗದಲ್ಲೇ ನನ್ನ ಗ್ಯಾರೇಜಿದೆ. ಸುತ್ತಲಿನ ಹತ್ತೂರಿನ ಬೈಕು, ಮೊಪೆಡ್ಡು, ಔಷಧಿ ಹೊಡೆಯುವ ಪಂಪು, ಎಲ್ಲದರ ಕಾರ್ಬುರೇಟರೂ ಒಮ್ಮೆಯಾದರೂ ನನ್ನ ಕೈಯಲ್ಲಿ ಪೆಟ್ರೋಲ್ ಸ್ನಾನ ಮಾಡಿಸಿಕೊಂಡಿದೆ. ಬಾಷಾ ಸ್ಕ್ರೂ ತಿರುಗಿಸಿದರೆ ಬೈಕು ಪೆಟ್ರೋಲಿನ ವಾಸನೆ ನೋಡಿಕೊಂಡೇ ಓಡುತ್ತದೆ ಎಂದು ಜನ ಹೇಳುತ್ತಿದ್ದರು. ಹೇಳಿಸಿಕೊಂಡು ನಾನೂ ನಂಬಿಬಿಟ್ಟಿದ್ದೆ!

ಆದರೆ ಈಗ ಬರುವ ಬೈಕುಗಳಿಗೆ ಕಾರ್ಬುರೇಟರೇ ಇಲ್ಲ. ಎಲ್ಲ ಸೆನ್ಸರು, ವೈರು. ಏನಾದರೂ ಕೆಟ್ಟರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಬೇಕಂತೆ. ದಿನವಿಡೀ ಪಂಕ್ಚರ್ ಹಾಕುತ್ತಾ ಕೂತ ನನಗೆ ಒಳಗೊಳಗೇ ಭಯ. ನಾನು ಸಾಯುವ ಮೊದಲೇ ನನ್ನ ವಿದ್ಯೆ ಸಾಯುತ್ತದಲ್ಲಪ್ಪ!

ಇಂಥ ಹೊತ್ತಿನಲ್ಲಿ ಚನ್ನಗಿರಿಯ ಗೆಳೆಯ ರುದ್ರೇಶ ಒಂದು ಟೆಂಪೋ ತಂದು ಅಂಗಡಿ ಮುಂದೆ ನಿಲ್ಲಿಸಿದ. ಹಿಂದೆ ಟಾರ್ಪಾಲ್ ಹೊದ್ದು ಏನೋ ಮಲಗಿತ್ತು. ಎತ್ತಿ ನೋಡಿದರೆ, ಸೀಟಿದೆ, ಹ್ಯಾಂಡಲ್ ಇದೆ, ಚಕ್ರವಿಲ್ಲ!

"ನೀರಿನ ಸ್ಕೂಟರ್ ಬಾಷಣ್ಣ. ಸಮುದ್ರದ ಕಡೆಯಿಂದ ಹಳೇದು ತಂದೀನಿ. ಸೂಳೆಕೆರೇಲಿ ಓಡಿಸ್ಬೇಕು. ಇದಕ್ಕೆ ಕಾರ್ಬುರೇಟರ್ ಐತಂತೆ. ಯಾರಿಗೂ ಬರಲ್ಲ ಅಂದ್ರು, ನಿನ್ನ ನೆನಪಾತು."

ಕಾರ್ಬುರೇಟರ್ ಐತಂತೆ! ಸೀಟು ಎತ್ತಿದೆ. ಒಂದಲ್ಲ, ಎರಡಿದ್ದವು. ನನ್ನ ಕಣ್ಣಲ್ಲಿ ನೀರೇ ಬಂತು.

ರುದ್ರೇಶ ಜೊತೆಗೊಂದು ಡಬ್ಬ ಕೊಟ್ಟ. ಹಳೆಯ ಮಾಲೀಕ ಹೊರದೇಶದಿಂದ ತರಿಸಿಟ್ಟ ಹೊಸ ಸಾಮಾನಂತೆ. ಒಳಗೆ ಜಾಲರಿಯ ಎರಡು ಲೋಹದ ಗೂಡುಗಳು, ನಾಲ್ಕು ಹಿತ್ತಾಳೆ ಚೂರುಗಳು, ಇಂಗ್ಲಿಷಿನ ಒಂದು ದೊಡ್ಡ ಕಾಗದ. ಚೂರುಗಳು ಪೆಟ್ರೋಲ್ ಬಿಡುವ ಜೆಟ್ಟುಗಳು; ಹಳೆಯವೇ ಇವೆಯಲ್ಲ ಎಂದು ನಟ್ಟುಬೋಲ್ಟಿನ ಡಬ್ಬಿಗೆ ಹಾಕಿದೆ. ಕಾಗದ ಒಳ್ಳೆ ದಪ್ಪವಿತ್ತು. ಎಣ್ಣೆ ನೆಲಕ್ಕೆ ಸೋರದಿರಲಿ ಎಂದು ಕೆಳಗೆ ಹಾಸಿಕೊಂಡೆ.

"ಈ ಗೂಡು ಏರ್ ಫಿಲ್ಟರಾ?" ಎಂದೆ.

"ಅಲ್ಲಂತೆ. ಫ್ಲೇಮ್ ಅರೆಸ್ಟರ್. ಕಾರ್ಬುರೇಟರ್ ಬಾಯಿಗೆ ಹಾಕೋದು. ಎಂಜಿನ್ ಉಲ್ಟಾ ಹೊಡೆದ್ರೆ ಬೆಂಕಿ ಆಚೆ ಬರದಂಗೆ ಹಿಡಿತೈತಂತೆ. ಗಾಡಿ ಹೊಟ್ಟೆ ಒಳಗೆ ಪೆಟ್ರೋಲ್ ಆವಿ ತುಂಬಿರತೈತಲ್ಲ."

ತೂತು ತೂತಿನ ಜಾಲರಿ ಬೆಂಕಿ ಹಿಡಿಯುವುದೆಂದರೇನು? ನೀರನ್ನೇ ಹಿಡಿಯದ್ದು! ನನಗೆ ಊಟ ಸೇರಲಿಲ್ಲ. ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿ, ಚಹಾ ಸೋಸುವ ಸ್ಟೀಲ್ ಜಾಲರಿಯನ್ನು ಉರಿಯ ಮೇಲೆ ಹಿಡಿದೆ. ಆಹಾ! ಉರಿ ಜಾಲರಿಯ ಕೆಳಗೇ ಚಪ್ಪಟೆಯಾಗಿ ನಿಂತುಬಿಟ್ಟಿತು. ಮೇಲೆ ಒಂದು ನಾಲಿಗೆಯೂ ಬರಲಿಲ್ಲ.

"ಜರೀನಾ, ಬಾ ಇಲ್ಲಿ! ಬೆಂಕಿ ಅರೆಸ್ಟಾಗೈತೆ!"

ನನ್ನ ಹೆಂಡತಿ ಬಂದಳು. ಕಪ್ಪಾದ ಜಾಲರಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬೆಂಕಿ ಬಿಟ್ಟಾಕ್ರೀ. ಮೊದ್ಲು ನಿಮ್ಮನ್ನ ಅರೆಸ್ಟ್ ಮಾಡ್ಬೇಕು. ಸಂಜೆ ಚಹಾ ಯಾವುದ್ರಾಗೆ ಸೋಸ್ಲಿ?"

ವಿಜ್ಞಾನಕ್ಕೆ ಮನೆಯಲ್ಲಿ ಎಂದೂ ಬೆಂಬಲವಿಲ್ಲ. ನಾನು ಗ್ಯಾರೇಜಿಗೆ ಮರಳಿ ಗೂಡುಗಳನ್ನು ಕೂರಿಸಿದೆ. ಹಳೆಯದಕ್ಕಿಂತ ಇವು ಸಲೀಸಾಗಿ ಗಾಳಿ ಎಳೆಯುತ್ತಿದ್ದವು. ಇನ್ನು ಉಳಿದದ್ದು ಟ್ಯೂನಿಂಗು. ಇಲ್ಲಿಯೇ ನನ್ನ ಇಪ್ಪತ್ತೈದು ವರ್ಷದ ಅನುಭವ ಕೈಕೊಟ್ಟಿತು. ನಮ್ಮ ಕಡೆ ಗಾಡಿ ತಂದವರು ಯಾರೂ ಎಂಜಿನ್ ಹೆಂಗೈತೆ ಎಂದು ಕೇಳುವುದಿಲ್ಲ. "ಎಷ್ಟು ಕೊಡ್ತೈತೆ?" ಇದೊಂದೇ ಪ್ರಶ್ನೆ. ಹಾಗಾಗಿ ಸ್ಕ್ರೂ ಕಂಡರೆ ಸಾಕು, ಪೆಟ್ರೋಲ್ ಕಡಿಮೆಯಾಗುವ ಕಡೆಗೆ ನನ್ನ ಕೈ ತಾನೇ ತಿರುಗುತ್ತದೆ. ಎರಡೂ ಕಾರ್ಬುರೇಟರಿನ ನಾಲ್ಕೂ ಸ್ಕ್ರೂಗಳನ್ನು ಒಳಕ್ಕೆ ತಿರುಗಿಸಿದೆ. ನೀರಿನ ಮೇಲೂ ಮೈಲೇಜು ಬೇಡವೇ?

ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿಗೆ ಪೈಪು ಸಿಕ್ಕಿಸಿ ಸ್ಟಾರ್ಟ್ ಮಾಡಿ, ಕಾಯದಿರಲೆಂದು ಎಂಜಿನ್ನಿಗೆ ನೀರು ಬಿಟ್ಟೆ. ಜೇನುಹುಳದ ಹಾಗೆ ಗುಂಯ್ ಎಂದಿತು. ರುದ್ರೇಶ ಎದೆಗಪ್ಪಿಕೊಂಡ. ನನ್ನ ವಿದ್ಯೆ ಬದುಕಿತು ಎಂದುಕೊಂಡೆ.

ಭಾನುವಾರ ಸೂಳೆಕೆರೆಯ ಕೆರೆಬಿಳಚಿ ಕಡೆಯ ದಂಡೆಯಲ್ಲಿ ಜನವೋ ಜನ. ರುದ್ರೇಶ ತೆಂಗಿನಕಾಯಿ ಒಡೆದ, ಹ್ಯಾಂಡಲ್ಲಿಗೆ ಹಾರ ಹಾಕಿದ, ನಿಂಬೆಹಣ್ಣು ಹಿಡಿದು ಸುತ್ತಮುತ್ತ ಹುಡುಕಿದ. ಚಕ್ರದ ಕೆಳಗಿಡಬೇಕು, ಚಕ್ರವೇ ಇಲ್ಲ! ಕೊನೆಗೆ ಮೂತಿಯ ಮುಂದೆ ನೀರಿಗೇ ಬಿಟ್ಟ. ಅದು ನಮಗಿಂತ ಮೊದಲು ಹೊರಟುಹೋಯಿತು.

"ಏರು ಬಾಷಣ್ಣ."

"ನಾನಾ? ನಂಗೆ ಈಜು ಬರಲ್ಲ ಕಣಪ್ಪ."

"ರಿಪೇರಿ ಮಾಡ್ದೋನು ಫಸ್ಟ್ ಟ್ರಯಲ್ ಹೊಡೀಬೇಕಲ್ಲ? ನೀನೇ ಹೇಳ್ತಿದ್ದೆ."

ನಾನೇ ಹೇಳುತ್ತಿದ್ದೆ, ನೆಲದ ಮೇಲೆ! ಆದರೆ ಅಷ್ಟು ಜನರ ಮುಂದೆ ಹಿಂದೆ ಸರಿಯುವುದು ಹೇಗೆ? ಲೈಫ್ ಜಾಕೆಟ್ಟಿನಲ್ಲಿ ತೂರಿಕೊಂಡು ಹೊರಟೆ. ನಿಧಾನಕ್ಕೆ ಹೋಗುವಾಗ ಸೊಗಸಾಗಿತ್ತು. ದಂಡೆಯಲ್ಲಿ ಚಪ್ಪಾಳೆ. ಹುರುಪಿನಲ್ಲಿ ದೂರ ಹೋದೆ. ಅಲ್ಲಿ ಆಕ್ಸಿಲೇಟರ್ ಪೂರ್ತಿ ಒತ್ತಿದೆ.

"ಬ್ವಾ...ಅ...ಅ" ಎಂದು ಎಂಜಿನ್ ಉಸಿರು ಕಟ್ಟಿತು. ಮರುಕ್ಷಣ ಸೀಟಿನ ಕೆಳಗೆ ಢಂ!

"ಯಾ ಅಲ್ಲಾ" ಎಂದವನೇ ಕಣ್ಣು ಮುಚ್ಚಿದೆ. ಸುಡಲಿಲ್ಲ. ಹಿಂದಕ್ಕೆ ಸರಿದು ಮೆಲ್ಲಗೆ ಸೀಟು ಎತ್ತಿ ಇಣುಕಿದೆ. ಹೊಗೆಯಿದೆ, ಬೆಂಕಿ ಇಲ್ಲ! ಅರೆಸ್ಟರ್ ನಿಜವಾಗಿ ಬೆಂಕಿ ಹಿಡಿದಿತ್ತು! ಈಜು ಬಾರದವನು ಕೆರೆಯ ಮಧ್ಯೆ ಒಬ್ಬನೇ ಕೂತು, "ಅಬ್ಬಬ್ಬಾ, ಹೆಂಗ್ ಹಿಡೀತು ನೋಡು!" ಎಂದು ಖುಷಿಪಟ್ಟ ಉದಾಹರಣೆ ಬೇರೆ ಇರಲಾರದು.

ಖುಷಿ ಇಳಿದ ಮೇಲೆ ಸ್ಟಾರ್ಟ್ ಒತ್ತಿದೆ. ಊಹೂಂ. ಪೆಟ್ರೋಲ್ ಸಿಗುತ್ತಿಲ್ಲ ಎಂಬುದು ಖಚಿತವಾಯಿತು. ಪೆಟ್ರೋಲ್ ಸಿಗದ ಸ್ಕೂಟರಿಗೆ ಏನು ಮಾಡಬೇಕೆಂದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಪಕ್ಕಕ್ಕೆ ವಾಲಿಸಿ ಎರಡು ಸಲ ಅಲ್ಲಾಡಿಸಬೇಕು.

ವಾಲಿಸಿದೆ.

ನೆಲದ ಮೇಲೆ ವಾಲಿಸುವಾಗ ಕಾಲೂರಲು ನೆಲವಿರುತ್ತದೆ ಎಂಬುದು ಹೊಳೆಯುವಷ್ಟರಲ್ಲಿ ನಾನು ನೀರಿನಲ್ಲಿದ್ದೆ. ಸ್ಕೂಟರ್ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹಾರ ನನ್ನ ಕೊರಳಿಗೆ ಬಂದಿತ್ತು.

ಮೀನು ಹಿಡಿಯುವ ಹನುಮಂತಪ್ಪ ತೆಪ್ಪ ಹಾಕಿಕೊಂಡು ಬಂದು ಮೊದಲು ಸ್ಕೂಟರಿಗೆ ಹಗ್ಗ ಕಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ.

"ಯಾಕ್ ಅಲ್ಲಾಡಿಸ್ತಿದ್ರಿ ಸಾಬ್ರೆ? ಮೀನು ಹೆದರ್ತಾವೆ."

ದಂಡೆಯಲ್ಲಿ ಯಾರೂ ನಗಲಿಲ್ಲ. ಅದೇ ಹೆಚ್ಚು ನೋವಾಯಿತು. ರುದ್ರೇಶ ಟವೆಲ್ ಕೊಟ್ಟು, "ಇರ್ಲಿ ಬಿಡಣ್ಣ, ಬೇರೆ ಯಾರಿಗಾದ್ರೂ ತೋರಿಸ್ತೀನಿ" ಎಂದ. ಆ ಮಾತು ನೀರಿಗಿಂತ ತಣ್ಣಗಿತ್ತು. ಎರಡು ದಿನ ಟೈಮ್ ಕೊಡಪ್ಪ ಎಂದು ಅಂಗಲಾಚಿ ಸ್ಕೂಟರನ್ನು ವಾಪಸ್ಸು ತಂದೆ.

ಮನೆಯಲ್ಲಿ ಜರೀನಾ ಎಣ್ಣೆ ಕುಡಿದ ಆ ಕಾಗದ ಹರವಿಕೊಂಡು ಕೂತಿದ್ದಳು. ಅವಳು ಪಿಯುಸಿ ಪಾಸು. ನಾನು ಏಳನೇ ಕ್ಲಾಸಿಗೇ ಗ್ಯಾರೇಜು ಸೇರಿದವನು.

"ರೀ, ಇದ್ರಾಗೆ ಬರ್ದೈತೆ. ಈ ಜಾಲರಿ ಹಾಕಿದ್ರೆ ಗಾಳಿ ಜಾಸ್ತಿ ಹೋಗ್ತೈತಂತೆ. ಅದಕ್ಕೆ ಪೆಟ್ರೋಲೂ ಜಾಸ್ತಿ ಬೇಕಂತೆ. ದೊಡ್ಡ ತೂತಿನ ಜೆಟ್ ಡಬ್ಬದಾಗೇ ಕೊಟ್ಟಾರಂತೆ. ಸ್ಕ್ರೂ ಹೊರಗೆ ತಿರುಗಿಸ್ಬೇಕು. ನೀವು ಯಾವ ಕಡೆ ತಿರುಗಿಸಿದ್ರಿ?"

ನಾನು ತಲೆ ಒರೆಸಿಕೊಂಡೆ.

"ಒಲೆ ಜೋರು ಊದಿದ್ರೆ ಸೌದೆನೂ ಜಾಸ್ತಿ ಇಕ್ಕಬೇಕಲ್ರೀ. ಇದಕ್ಕೆ ಕಾಗದ ಬೇರೆ ಬೇಕಾ?"

ನಟ್ಟುಬೋಲ್ಟಿನ ಡಬ್ಬಿ ಸುರಿದು ಹಿತ್ತಾಳೆ ಚೂರುಗಳನ್ನು ಹುಡುಕಿದೆ. ಎಂಜಿನ್ನಿನ ನೀರು ತೆಗೆದು ಒಣಗಿಸಿದೆ. ಅವಳು ಓದಿದಳು, ನಾನು ತಿರುಗಿಸಿದೆ. ಅರ್ಧ ಸುತ್ತು ಎಂದರೆ ಅರ್ಧ ಸುತ್ತು. ಮಂಗಳವಾರ ರುದ್ರೇಶನೇ ಏರಿ ಒತ್ತಿದ ನೋಡಿ, ಸ್ಕೂಟರ್ ನೀರು ಸೀಳಿಕೊಂಡು ಹಾರಿತು! ದಂಡೆಯಲ್ಲಿ ನಾನು ಮಗುವಿನಂತೆ ಕುಣಿದೆ. ವಿದ್ಯೆ ಸತ್ತಿಲ್ಲ, ಇನ್ನೂ ಉಸಿರಾಡುತ್ತಿದೆ!

ಹೋದ ವಾರ ಜಗಳೂರಿನ ಕಡೆಯಿಂದ ಒಬ್ಬರು ಹಳೆಯ ಜನರೇಟರ್ ಹೊತ್ತು ಅಷ್ಟು ದೂರ ಹುಡುಕಿಕೊಂಡು ಬಂದರು. ನನ್ನ ಹೆಸರು ಅಲ್ಲಿಯವರೆಗೂ ಹೋಗಿದೆ ಎಂದು ಎದೆಯುಬ್ಬಿಸಿ ಎದ್ದು ನಿಂತೆ.

"ಕಾರ್ಬುರೇಟರ್ ತೋರಿಸ್ಬೇಕಿತ್ತು" ಎಂದರು.

"ತೋರಿಸ್ರಿ ತೋರಿಸ್ರಿ" ಎಂದು ಕೈ ಚಾಚಿದೆ.

ಅವರು ಕೊಡಲಿಲ್ಲ. ನನ್ನ ಭುಜದ ಮೇಲಿಂದ ಒಳಗೆ ಇಣುಕಿ ಕೇಳಿದರು:

"ಅಕ್ಕಾರು ಮನೇಲಿ ಅದಾರೇನ್ರೀ?"