ಕಡೇ ಹತ್ತು ನಿಮಿಷ

ಟಾಕೀಸಿನ ಗೇಟ್‌ಕೀಪರನಿಗೆ ನಗು ಬರಿಸುವ ಸಂಗತಿಗಳಿಗೆ ಬರವಿಲ್ಲ. ಆ ವಾರ ನಗುವ ಮನಸ್ಸು ಮಾತ್ರ ನನಗಿರಲಿಲ್ಲ. ದಾಂಡೇಲಿಯಲ್ಲಿ ಮೂವತ್ತು ವರ್ಷ ಟಿಕೀಟು ಹರಿದಿದ್ದೇನೆ, ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಶುರುವಿನಲ್ಲಿ ಬ್ಯಾಟರಿ ಹಿಡಿದು, ತಡವಾಗಿ ಬಂದವರ ಕಾಲು ನೋಡುತ್ತಿರುತ್ತೇನೆ. ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಹೊರಗೆ ಹೋಗಿ ಪಕ್ಕದ ಬಾಗಿಲುಗಳ ಬೀಗ ತೆಗೆದು ನಿಲ್ಲಬೇಕು. ಜನ ಎದ್ದು ತಗಡಿನ ಕುರ್ಚಿಗಳು ಧಡಧಡ ಮಡಚಿಕೊಂಡ ಸದ್ದು ಕೇಳಿದ ಕೂಡಲೇ ಬಾಗಿಲು ತೆರೆಯಬೇಕು.

ಮನೆಗೆ ಹೋದರೆ ಹೆಂಡತಿಯ ಪ್ರಶ್ನೆ ಒಂದೇ: “ಕಡೀಕ ಏನಾತ್ರೀ?”

ನೋಡದ್ದನ್ನು ಏನೆಂದು ಹೇಳಲಿ? “ಎಲ್ಲಾರೂ ಸುಖವಾಗಿ ಮನಿ ಮುಟ್ಟಿದ್ರು” ಎನ್ನುತ್ತಿದ್ದೆ. ಅವಳು ನಂಬುತ್ತಿದ್ದಳು.

ಆ ಶುಕ್ರವಾರ ಮಾಲೀಕ ಸೇಠರು ಕರೆದು, “ಭಾನುವಾರ ಕಡೀ ಆಟ. ಟಾಕೀಸ್ ಕೆಡವಿ, ಇಲ್ಲೆ ಮದುವಿಗೆ ಮಂಗಲ ಕಾರ್ಯಾಲಯ ಕಟ್ಟಸ್ತೇನಿ” ಎಂದರು. ಆಮೇಲೆ ನನ್ನ ಮುಖ ನೋಡಿ, “ಈ ಪಿಚ್ಚರ್ ಆದ್ರೂ ಕುಂತು ಪೂರ್ತಿ ನೋಡಪಾ” ಎಂದರು. ಆಕಾಶದಲ್ಲಿ ದಾರಿ ತಪ್ಪಿದ ಹುಡುಗಿಯೊಬ್ಬಳ ತ್ರೀಡಿ ಸಿನಿಮಾ ಅದು. ಮಧ್ಯಾಹ್ನದ ಒಂದೇ ಆಟ, ಇದ್ದದ್ದು ಮೂರೇ ದಿನ.

೧. ಕರಿ ಚಷ್ಮಾ

ಶುಕ್ರವಾರ ಹಿಂದಿನ ಸಾಲಿನಲ್ಲಿ ಕುಳಿತೆ. ನಕ್ಷತ್ರಗಳು ಮೂಗಿನ ತುದಿಗೇ ಬಂದು ನಿಂತವು. ಮಧ್ಯಂತರದಲ್ಲಿ ನೋಡಿದರೆ, ತ್ರೀಡಿ ಚಷ್ಮಾ ಹಾಕುವ ಬುಟ್ಟಿಯಲ್ಲಿ ನಮ್ಮದಲ್ಲದ ಒಂದು ಚಷ್ಮಾ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ದವಾಖಾನೆಯಲ್ಲಿ ಕೊಡುತ್ತಾರಲ್ಲ, ಆ ಕರಿ ಚಷ್ಮಾ. ಹಳಿಯಾಳದ ಅಜ್ಜರೊಬ್ಬರು ಸಿನಿಮಾ ಮುಗಿಯಿತೆಂದು ತಿಳಿದು, ತಮ್ಮದನ್ನು ಬುಟ್ಟಿಗೆ ಹಾಕಿ, ನಮ್ಮದನ್ನು ಏರಿಸಿಕೊಂಡು ಹೋಗಿದ್ದರು.

ಬಸ್ ಸ್ಟ್ಯಾಂಡಿಗೆ ಓಡಿದೆ. ಅಜ್ಜ ಹಳಿಯಾಳ ಬಸ್ಸಿನ ಕಿಟಕಿ ಪಕ್ಕ ಕುಳಿತಿದ್ದರು.

“ಅಜ್ಜಾರ, ಪಿಚ್ಚರ್ ಇನ್ನೂ ಅರ್ಧಾ ಐತ್ರಿ” ಎಂದೆ.

“ಇರಲಿ ಬಿಡಪಾ” ಎಂದರು, ಕಿಟಕಿಯಿಂದ ಕಣ್ಣು ಕೀಳದೆ. “ಇಲ್ಲೂ ಚೊಲೊ ನಡದೈತಿ. ಈಗಷ್ಟ ಒಂದು ಲಾರಿ ಮೈಮ್ಯಾಲೇ ಬಂದಿತ್ತು.”

ಅವರು ಚಷ್ಮಾ ಬದಲಿಸಲು ಒಪ್ಪುವಷ್ಟರಲ್ಲಿ ಟಾಕೀಸಿನಲ್ಲಿ ಬಾಗಿಲು ತೆರೆಯುವ ಹೊತ್ತಾಗಿತ್ತು.

೨. ಸೈರನ್

ಶನಿವಾರ ನನ್ನ ಪಕ್ಕಕ್ಕೆ ಅಂಬಿಕಾನಗರದ ನಿವೃತ್ತ ನೌಕರರೊಬ್ಬರು ಬಂದು ಕುಳಿತರು. ಕಾಳಿ ಹೊಳೆಯ ಅಣೆಕಟ್ಟಿನಲ್ಲಿ ಗೇಟು ನೋಡಿಕೊಂಡಿದ್ದವರು. ನೀರು ಬಿಡುವ ಮೊದಲು ಸೈರನ್ ಹಾಕಬೇಕು ಎನ್ನುವುದು ಅವರಿಗೆ ರಕ್ತದಲ್ಲೇ ಇಳಿದಿತ್ತು.

ಪರದೆಯ ಮೇಲೆ ಯಾವುದೋ ಗ್ರಹದ ಹಿಮದ ಗುಡ್ಡ ಕರಗಿ, ಹಸಿರು ನೀರು ನಮ್ಮ ಮೇಲೇ ಧುಮುಕಿತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವರು ಎದ್ದು ನಿಂತು ಕೂಗಿದರು: “ಸೈರನ್ ಹಾಕದನ ಗೇಟ್ ಯಾರು ತಗದ್ರಿ? ಹೊಳ್ಯಾಗ ಮಂದಿ ಅದಾರ!”

ಮುಂದಿನ ಸಾಲಿನಲ್ಲಿ ಹೊಳೆದಂಡೆಯ ನಾಲ್ಕೈದು ಜನ ಇದ್ದರು, ನೀರು ಬಿಟ್ಟರೆಂದರೆ ಓಡಿ ರೂಢಿಯಾದವರು. ಚಪ್ಪಲಿ ಬಿಟ್ಟು ಬಾಗಿಲಿಗೆ ಓಡಿದರು. ಅವರನ್ನು ಸಮಾಧಾನ ಮಾಡಿ ಕೂರಿಸಿ, ಕತ್ತಲಲ್ಲಿ ಚಪ್ಪಲಿ ಹುಡುಕಿಕೊಡುವುದರಲ್ಲಿ ನನ್ನ ಆ ದಿನದ ಸಿನಿಮಾವೂ ಹೋಯಿತು.

ಹೊರಡುವಾಗ ಅಣೆಕಟ್ಟಿನವರು ನಾಚಿಕೊಂಡು, “ತಪ್ಪು ತಿಳೀಬ್ಯಾಡ್ರಿ. ಸೈರನ್ ಇಲ್ಲದನ ನೀರು ಬಿಟ್ರ ನೌಕರಿ ಹೋಗತೈತ್ರಿ” ಎಂದರು.

“ನಂದು ಸೈರನ್ ಇಲ್ಲದನ ಹೋತ್ರಿ” ಎಂದೆ. ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತಿತು.

೩. ಕುರ್ಚಿ ಸದ್ದು

ಭಾನುವಾರ ಹೆಂಡತಿಯನ್ನೂ ಕರೆತಂದೆ. ಮದುವೆಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದಿದ್ದಳು. ಕೊನೆಯಲ್ಲಿ ಏಳುವ ಕೆಲಸವೇ ಬೇಡವೆಂದು ಬೀಗಗಳನ್ನು ಮೊದಲೇ ತೆಗೆದಿಟ್ಟು, ಬಾಗಿಲ ಪಕ್ಕದಲ್ಲೇ ಕುಳಿತೆ.

ಬಂಗಾರದ ಬಳೆ ತೊಟ್ಟಂತಿದ್ದ ಗ್ರಹವೊಂದು ನಮ್ಮಿಬ್ಬರ ಮಡಿಲ ಮೇಲೆ ನಿಧಾನ ತಿರುಗಿತು. ಅವಳು ಮುಟ್ಟಲು ಕೈ ಚಾಚಿದಳು. ನಾನೂ ಚಾಚಿದೆ. ಮೂವತ್ತು ವರ್ಷ ಇಂಥದ್ದೆಲ್ಲ ನನ್ನ ಬೆನ್ನ ಹಿಂದೆಯೇ ನಡೆದುಹೋಯಿತಲ್ಲ ಎಂದು ಸಂಕಟವಾಯಿತು.

ಕಡೆಗೆ ಹುಡುಗಿಯ ಆಕಾಶದ ಹಡಗು ಎಂಜಿನ್ ಕೆಟ್ಟು, ನೀಲಿ ಭೂಮಿಯ ಕಡೆ ಬೀಳತೊಡಗಿತು. ಮನೆ ಮುಟ್ಟುತ್ತಾಳೋ ಇಲ್ಲವೋ ಎಂದು ಇಡೀ ಟಾಕೀಸು ಎದ್ದು ನಿಂತಿತು. ಕುರ್ಚಿಗಳೆಲ್ಲ ಧಡಧಡ ಮಡಚಿಕೊಂಡವು.

ಆ ಸದ್ದಿಗೆ ನನ್ನ ಕೈ ನನ್ನನ್ನು ಕೇಳಲಿಲ್ಲ. ಹಾರಿ ಎದ್ದವನೇ ಬಾಗಿಲುಗಳನ್ನು ಒಂದೊಂದಾಗಿ ತೆರೆದುಬಿಟ್ಟೆ. ಮಧ್ಯಾಹ್ನದ ಬಿಸಿಲು ಪರದೆಗೆ ಬಡಿದು ಭೂಮಿ, ಹಡಗು, ಹುಡುಗಿ ಎಲ್ಲ ಅಳಿಸಿ ಬರೀ ಬಿಳಿ ಗೋಡೆ ಉಳಿಯಿತು. ಬಾಗಿಲು ತೆರೆಯಿತೆಂದರೆ ಮುಗಿಯಿತೆಂದು ನಮ್ಮೂರಿನವರಿಗೂ ರೂಢಿ. ಅರ್ಧ ಜನ ಹೊರಟೇಬಿಟ್ಟರು, ಉಳಿದರ್ಧ ನನ್ನನ್ನು ಬಯ್ಯುತ್ತ ನಿಂತರು. ಅವರನ್ನು ದಾಟಿ ಮತ್ತೆ ಬಾಗಿಲು ಹಾಕುವಷ್ಟರಲ್ಲಿ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು.

ಸೇಠರು ಬಯ್ಯಲಿಲ್ಲ. “ಕಡೀ ದಿನಾನೂ ಡ್ಯೂಟಿ ಬಿಡಲಿಲ್ಲ ನೋಡು ನೀ” ಎಂದು ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತರು.

ಹೆಂಡತಿ ಚಷ್ಮಾ ತೆಗೆಯದೆ ಹಾಗೇ ಕುಳಿತಿದ್ದಳು. “ಕಡೀಕ ಏನಾತ್ರೀ?” ಎಂದಳು.

“ನಾ ನೋಡಲಿಲ್ಲ” ಎಂದೆ.

“ನೀವು ಯಾವಾಗ ನೋಡಿದ್ರಿ?” ಎಂದು ಎದ್ದು ಸೆರಗು ಸರಿಮಾಡಿಕೊಂಡಳು. “ಮೂವತ್ತು ವರ್ಷ ಎಲ್ಲಾ ಪಿಚ್ಚರಿಗೂ ಒಂದ ಕಡೀ ಹೇಳೀರಿ. ಇದಕ್ಕೂ ಅದನ್ನ ಹೇಳ್ರಿ, ಮನೀಗೆ ಹೋಗೂಣು.”