ಮಂಡಿ ಗೇಟೂ ನನ್ನ ಇಫ್ ಕಂಡೀಶನ್ನೂ

ಕಂಪ್ಯೂಟರ್‌ಗೆ ಬುದ್ಧಿ ಹೇಳೋಕೆ ಹೋದವ್ರಿಗೆ ಇಂಥವು ಆಗ್ತಾನೇ ಇರ್ತವೆ. ನಂಗೆ ಮಾತ್ರ ಒಂದೇ ಮಾವಿನ ಸೀಸನ್ನಲ್ಲಿ ಎಲ್ಲಾ ಆಗೋಯ್ತು.

ಕೋಲಾರದಲ್ಲಿ ಕಾಲೇಜು ಬಿಟ್ಟು ಶ್ರೀನಿವಾಸಪುರದ ಒಂದು ಮಾವಿನ ಮಂಡಿ ಸೇರ್ಕೊಂಡೆ. ನಮ್ಮಪ್ಪ ಒಂದೇ ಮಾತು ಹೇಳ್ದ: "ಸೀಸನ್ ಮುಗಿಯೋವರ್ಗೂ ಅಲ್ಲಿ ನಿಂತ್ಕೊಂಡ್ರೆ ಸರಿ. ಮಧ್ಯದಲ್ಲಿ ಓಡಿಸಿದ್ರೋ, ಸೀದಾ ಕಾಲೇಜಿಗೆ."

ಕೆಲಸ ಸಿಂಪಲ್. ಗೇಟಿನ ಕ್ಯಾಮೆರಾ ಲಾರಿ ನಂಬರ್ ಓದುತ್ತೆ. ನನ್ನ ಶೆಲ್ ಸ್ಕ್ರಿಪ್ಟಲ್ಲಿ ಒಂದು ಇಫ್ ಕಂಡೀಶನ್. ನಂಬರ್ ಹಿಂಗಿರ್ಬೇಕು ಅಂತ ನಾನು ಬರೆದಿರೋ ರೆಜೆಕ್ಸ್ ಒಂದು ಅಚ್ಚಿದ್ದಂಗೆ. ಲಾರಿ ನಂಬರ್ ಅದರೊಳಗೆ ಕೂತ್ರೆ ಗೇಟಿನ ಅಡ್ಡಕಂಬ ಮೇಲೇಳುತ್ತೆ, ಇಲ್ಲಾಂದ್ರೆ ಇಲ್ಲ.

ಇಲ್ಲದ ಲಾರಿ

ಮೊದಲ್ನೇ ದಿನ ನೀಟಾಗಿರ್ಲಿ ಅಂತ ರೆಜೆಕ್ಸ್‌ಗೆ ಡಬಲ್ ಕೋಟ್ ಚಿಹ್ನೆ ಹಾಕ್ಬಿಟ್ಟೆ. ಕೋಟ್ ಹಾಕಿದ್ರೆ ಸ್ಕ್ರಿಪ್ಟ್ ಓಡಿಸೋ ಬ್ಯಾಶ್ ಅದನ್ನ ಅಚ್ಚು ಅಂದ್ಕೊಳಲ್ಲ, ಅಕ್ಷರಕ್ಕೆ ಅಕ್ಷರ ಹಂಗೇ ಇರ್ಬೇಕು ಅನ್ನುತ್ತೆ. ರಸ್ತೆ ತುಂಬಾ ಲಾರಿ, ಒಂದಕ್ಕೂ ಗೇಟ್ ಏಳ್ತಿಲ್ಲ.

ಮಂಡಿ ಮಾಲೀಕ್ರು ಬಂದ್ರು. "ಏನ್ಲಾ, ಯಾವ ನಂಬರ್ ಇದ್ರೆ ಬಿಡುತ್ತಂತೆ ಇದು?"

ಕೆಎ, ಆಮೇಲೆ ಅಂಕಿ ಅಂತ ನಾನು ಬರೆದಿದ್ದನ್ನ ಸ್ಕ್ರೀನಲ್ಲಿ ತೋರಿಸ್ದೆ: ^KA[0-9]+

ವಾಚ್‌ಮನ್ ತಾತ ಕನ್ನಡಕ ಏರಿಸ್ಕೊಂಡು ನೋಡಿ, "ಇಂಥ ಬೋರ್ಡಿರೋ ಲಾರಿ ನಾನು ನೋಡೇ ಇಲ್ಲ ಕಣಪ್ಪ. ನಂಗಲಿ ಹೈವೇಲಿ ವಿಚಾರಿಸ್ಲಾ?" ಅಂದ.

ಪಾಸ್‌ಪೋರ್ಟು

ಕೋಟ್ ಕಿತ್ತೆ. ಕೆಎ ಲಾರಿಗಳೆಲ್ಲಾ ಸರಾಗ ಒಳಗೆ. ಆದ್ರೆ ಗೌನಿಪಲ್ಲಿ ಆಚೆ ಬಾರ್ಡರ್ ದಾಟಿ ಬಂದ ಆಂಧ್ರದ ಎಪಿ ಲಾರಿ ಹೊರಗೇ ನಿಂತ್ವು. ಒಬ್ಬ ತೋಟದ ರೆಡ್ಡಿ ಇಳಿದು ಬಂದು ಕೂಗ್ದ: "ಏಮಯ್ಯಾ, ಮಾ ಮಾಮಿಡಿಕಾಯಲಕಿ ಪಾಸ್‌ಪೋರ್ಟ್ ಕಾವಾಲಾ?" ನಮ್ಮ ಮಾವಿನಕಾಯಿಗೂ ಪಾಸ್‌ಪೋರ್ಟ್ ಬೇಕಾ ಅಂತ.

ಮಾಲೀಕ್ರು "ಲೇದಣ್ಣಾ, ಲೇದು" ಅಂತ ಅವನಿಗೆ ಕೈ ಮುಗಿದು, ನನ್ನ ಕಡೆ ತಿರುಗಿ, "ನಿನ್ ವೀಸಾ ಮಾತ್ರ ಕ್ಯಾನ್ಸಲ್ ಮಾಡ್ತೀನಿ ನೋಡ್ತಿರು" ಅಂದ್ರು.

ಮರ್ಯಾದಸ್ಥ ಹಸು

ಹೆದರ್ಕೊಂಡು ಷರತ್ತು ಸಡಿಲ ಮಾಡ್ದೆ: ಎಲ್ಲಾದ್ರೂ ಸರಿ, ಸಾಲಾಗಿ ನಾಲ್ಕು ಅಂಕಿ ಇದ್ರೆ ಸಾಕು.

ಮಧ್ಯಾಹ್ನ ಎದುರುಮನೆ ಹಸು ಗೇಟ್ ಮುಂದೆ ಬಂದು ನಿಂತ್ಕೊಳ್ತು. ಅದರ ಕಿವೀಲಿ ಹಳದಿ ಬಿಲ್ಲೆ, ಬಿಲ್ಲೆ ತುಂಬಾ ನಂಬರ್. ಕ್ಯಾಮೆರಾ ಓದ್ತು, ಕಂಡೀಶನ್ ಒಪ್ತು, ಗೇಟ್ ಮರ್ಯಾದೆಯಾಗಿ ಎದ್ದು ನಿಂತ್ಕೊಳ್ತು. ಹಸು ಒಳಗೆ ಬಂದು ಒಳ್ಳೊಳ್ಳೆ ಬಾದಾಮಿ ಮಾವಿನ ಹಣ್ಣಿನ ರಾಶಿಗೇ ಬಾಯಿ ಹಾಕ್ತು.

ಮಾಲೀಕ್ರು ಜಗಳಕ್ಕೆ ಹೋದ್ರೆ ಹಸುವಿನ ಯಜಮಾನಿ ಅಕ್ಕ ಸೊಂಟದ ಮೇಲೆ ಕೈ ಇಟ್ಟು ಹೇಳಿದ್ಲು: "ಗೇಟೇ ಎದ್ದು ಬಾ ಅಂತ ಕರೆದ್ರೆ ಅದು ಬೇಡ ಅನ್ನುತ್ತಾ?"

ಅಪ್ಪ

ಮಾಲೀಕ್ರು ನಮ್ಮಪ್ಪಂಗೆ ಫೋನ್ ಹಾಕಿದ್ರು: "ಬಂದು ಕರ್ಕೊಂಡೋಗಿ ಸ್ವಾಮಿ."

ಅಪ್ಪ ಬರೋದ್ರೊಳಗೆ ಸ್ಕ್ರಿಪ್ಟ್ ಸರಿ ಮಾಡಿ ಉಳ್ಕೊಳೋಣ ಅಂತ ಕೂತೆ. ಶುರು ಇಲ್ಲೇ ಅನ್ನೋಕೆ ^, ಮುಗಿಯೋದೂ ಇಲ್ಲೇ ಅನ್ನೋಕೆ $, ಮಧ್ಯೆ ಕೆಎ ಇಲ್ಲಾ ಎಪಿ ನಂಬರ್. ಒಂದಕ್ಷರ ಜಾಸ್ತಿ ಇದ್ರೂ ಗೇಟ್ ಏಳಲ್ಲ. ಲಾರಿಗಳು ಒಂದೊಂದಾಗಿ ಬಂದ್ವು, ಒಂದೂ ತಪ್ಪಿಲ್ಲ. ಮಾಲೀಕ್ರ ಮುಖವೂ ಸ್ವಲ್ಪ ಸಡಿಲ ಆಯ್ತು.

ಅಷ್ಟೊತ್ತಿಗೆ ಅಪ್ಪ ಮೊಪೆಡ್ಡಲ್ಲಿ ಬಂದ. ಮನೆದೇವ್ರ ಹೆಸ್ರನ್ನ ನಂಬರ್ ಪಕ್ಕದಲ್ಲೇ ಇಂಗ್ಲೀಷಲ್ಲಿ ಬರೆಸಿದ್ದ. ಕ್ಯಾಮೆರಾ ಅದನ್ನೂ ಸೇರಿಸಿ ಓದ್ತು, ಗೇಟ್ ಅಲ್ಲಾಡ್ಲಿಲ್ಲ. ಹಾರ್ನ್ ಹೊಡೆದ, ಬೈದ. ಊಹೂಂ.

"ಲೇ, ನಿಮ್ಮಪ್ಪ ಅಲ್ವಾ? ತೆಗಿಯೋ!" ಅಂದ್ರು ಮಾಲೀಕ್ರು.

"ರೂಲ್ಸ್ ಒಪ್ತಿಲ್ಲ ಅಣ್ಣ" ಅಂದೆ. ಒಳಗೊಳಗೇ ಕುಣಿದಾಡ್ತಿದ್ದೆ. ದೇವ್ರೇ ಅಡ್ಡ ನಿಂತ್ಮೇಲೆ ಇನ್ಯಾವ ಕಾಲೇಜು?

ಅಪ್ಪ ಮೊಪೆಡ್‌ಗೆ ಸ್ಟ್ಯಾಂಡ್ ಹಾಕ್ದ. ಪಂಚೆ ಎತ್ತಿ ಕಟ್ದ. ಬಗ್ಗಿ, ಅಡ್ಡಕಂಬದ ಕೆಳಗೆ ತೂರಿ, ಸೀದಾ ಬಂದು ನನ್ನ ಕಿವಿ ಹಿಡ್ಕೊಂಡ.

ನಡ್ಕೊಂಡು ಬರೋ ಅಪ್ಪಂಗೆ ನಾನು ರೆಜೆಕ್ಸ್ ಬರ್ದೇ ಇರ್ಲಿಲ್ಲ.